ಶಬ್ದವಿಚಾರ: ಹೊರಿಸುವ ಮಾತು, ಒಲಿಸುವ ಮಾತು



ಅನೇಕ ಪದಗಳನ್ನು ಒಂದೆಡೆ ಕೂಡಿಸಿ, ಇವೆಲ್ಲ ಒಂದೇ ಅರ್ಥವುಳ್ಳವೆಂದು ಹೇಳುವ ಪದ್ಧತಿ ಬಹಳ ಪ್ರಾಚೀನವಾದುದು. ಮಠದ ಪಾಠಶಾಲೆಯಲ್ಲಿ ಸಂಸ್ಕೃತವನ್ನು ಕಲಿತವರಿಗೆ ಅಮರಕೋಶವೇ ಮೊದಲ ಮೆಟ್ಟಿಲು. ಆಕ್ಷೇಪ, ಅಪವಾದ, ನಿಂದೆ, ಗರ್ಹಣ ಮೊದಲಾದ ಪದಗಳನ್ನು ಅಮರಸಿಂಹನು ಅಲ್ಲಿ ಒಂದೇ ಎಳೆಯಲ್ಲಿ ಪೋಣಿಸಿಟ್ಟಿದ್ದಾನೆ. ಇಂಗ್ಲಿಷಿನಲ್ಲಿ ಇದಕ್ಕೆ ಹತ್ತಿರವಾದ ಕಾರ್ಯವನ್ನು ಮಾಡಿದವನು ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯ. ಅವನ ‘ಥಿಸಾರಸ್’ 1852ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಎರಡೂ ಮಹೋಪಕಾರಿ ಗ್ರಂಥಗಳೇ. ಆದರೆ ಒಂದೇ ಸಾಲಿನಲ್ಲಿ ನಿಂತ ಮಾತ್ರಕ್ಕೆ ಪದಗಳು ಒಂದೇ ಆಗಿಬಿಡುವುದಿಲ್ಲ. ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತವರೆಲ್ಲ ಒಂದೇ ತಾಯಿಯ ಮಕ್ಕಳಲ್ಲವಷ್ಟೆ!

ಈ ಎಚ್ಚರಿಕೆ ಎಲ್ಲ ಪದಗಳಿಗೂ ಸಲ್ಲುವುದಾದರೂ ಎರಡು ಬಗೆಯ ಕ್ರಿಯಾಪದಗಳ ವಿಷಯದಲ್ಲಿ ಅತ್ಯವಶ್ಯ. ಒಬ್ಬರ ಮೇಲೆ ತಪ್ಪನ್ನು ಹೊರಿಸುವ ಪದಗಳು ಒಂದು ಬಗೆ. ಒಬ್ಬರ ಮನಸ್ಸನ್ನು ನಮ್ಮ ಕಡೆಗೆ ತಿರುಗಿಸುವ ಪದಗಳು ಇನ್ನೊಂದು ಬಗೆ. ಮೊದಲನೆಯ ಬಗೆಯಲ್ಲಿ ಮನುಷ್ಯನ ಮಾನ ಅಡಗಿದೆ, ಎರಡನೆಯದರಲ್ಲಿ ಅವನ ಸ್ವಂತ ಇಚ್ಛೆ ಅಡಗಿದೆ. ನಮ್ಮ ಮಕ್ಕಳು ಇಂದು ಇಂಗ್ಲಿಷಿನಲ್ಲಿ ಓದುತ್ತಾರೆ. ಕಚೇರಿಗಳಿಂದಲೂ ಉಚ್ಚ ನ್ಯಾಯಾಲಯದಿಂದಲೂ ಬರುವ ಕಾಗದಗಳು ಬಹುಮಟ್ಟಿಗೆ ಅದೇ ಭಾಷೆಯಲ್ಲಿರುತ್ತವೆ. ಆದುದರಿಂದ ಆ ಭಾಷೆಯ ಈ ಪದಗಳು ಎಲ್ಲೆಲ್ಲಿ ಬೇರೆಯಾಗುತ್ತವೆಂಬುದನ್ನು ಈ ಸಲ ವಿಚಾರಿಸೋಣ.

ಮೊದಲು ‘ಬ್ಲೇಮ್’. ಇದು ‘ಬ್ಲಾಸ್ಫೀಮ್’ ಎಂಬ ಪದದ ಒಡಹುಟ್ಟು. ಒಂದೇ ಗ್ರೀಕ್ ಮೂಲದಿಂದ ಹೊರಟು, ಒಂದು ದೇವದೂಷಣೆಯೆಂಬ ಗಂಭೀರಾರ್ಥವನ್ನು ಉಳಿಸಿಕೊಂಡಿತು. ಇನ್ನೊಂದು ಫ್ರೆಂಚರ ಬಾಯಲ್ಲಿ ಸವೆದು ದಿನಬಳಕೆಯ ದೂಷಣೆಯಾಯಿತು. ಯಾವುದಾದರೊಂದು ಕೇಡಿಗೆ ಇಂಥವರು ಅಥವಾ ಇಂಥದು ಹೊಣೆಯೆಂದು ಹೇಳುವುದಷ್ಟೇ ಇದರ ಕೆಲಸ. ಬೆಳೆ ಹೋದುದಕ್ಕೆ ಮಳೆಯನ್ನು ‘ಬ್ಲೇಮ್’ ಮಾಡಬಹುದು. ಮಳೆಯನ್ನು ‘ಅಕ್ಯೂಸ್’ ಮಾಡಲು ಬಾರದು. ಏಕೆಂದರೆ ಅಕ್ಯೂಸ್ ಎಂಬುದು ಉತ್ತರ ಕೊಡಬಲ್ಲವರ ಮೇಲೆ ಮಾತ್ರ ನಡೆಯುವ ಕ್ರಿಯೆ. ಅದರ ಒಳಗಿರುವ ಲ್ಯಾಟಿನ್ ಪದ ‘ಕೌಸ’. ಕಾರಣ, ವ್ಯಾಜ್ಯ ಎಂದು ಅದರ ಅರ್ಥ. ಒಬ್ಬನನ್ನು ಕರೆದು ನಿಲ್ಲಿಸಿ, ಇದಕ್ಕೆ ನಿನ್ನ ಸಮಾಧಾನವೇನೆಂದು ಕೇಳುವುದೇ ಅಕ್ಯೂಸ್. ಕೇಳಿದ ಮೇಲೆ ಉತ್ತರಕ್ಕೆ ಕಾಯಬೇಕೆಂಬುದು ಆ ಪದದ ಹುಟ್ಟಿನಲ್ಲೇ ಇದೆ.

ಇನ್ನು ‘ಚಾರ್ಜ್’. ಈ ಪದವನ್ನು ಅರಿಯದ ಕನ್ನಡಿಗರಿಲ್ಲ. ಮೊಬೈಲಿಗೆ ಚಾರ್ಜ್ ಹಾಕುತ್ತೇವೆ, ಹೊಸ ಅಧಿಕಾರಿ ಚಾರ್ಜ್ ತೆಗೆದುಕೊಳ್ಳುತ್ತಾನೆ, ಬಸ್ಸಿನ ಚಾರ್ಜು ಹೆಚ್ಚಾಯಿತೆಂದು ಗೊಣಗುತ್ತೇವೆ. ಇವೆಲ್ಲಕ್ಕೂ ಮೂಲ ಒಂದೇ: ಗಾಡಿಗೆ ಹೊರೆ ಹೇರುವುದು. ‘ಕಾರ್ರುಸ್’ ಎಂದರೆ ಲ್ಯಾಟಿನ್ನಿನಲ್ಲಿ ಬಂಡಿ. ನಮ್ಮ ಬೀದಿಯ ಕಾರು ಕೂಡ ಅದರ ಸಂತಾನವೇ. ಅಪರಾಧವನ್ನು ಹೊರೆಯಾಗಿ ಹೇರುವುದು ಚಾರ್ಜ್ ಆದರೆ, ಸಾಕಷ್ಟು ಆಧಾರವಿಲ್ಲವೆಂದು ವಿಚಾರಣೆಗೆ ಮೊದಲೇ ನ್ಯಾಯಾಲಯವು ಆ ಹೊರೆಯನ್ನು ಇಳಿಸುವುದು ‘ಡಿಸ್‌ಚಾರ್ಜ್’. ಕೌತುಕದ ಸಂಗತಿಯೆಂದರೆ ನಮ್ಮ ಮಾತೂ ಇದೇ ಚಿತ್ರವನ್ನು ಕಂಡಿದೆ. ಏರುವುದು ಆರೋಹಣ, ಏರಿಸುವುದು ಆರೋಪಣ. ಆರೋಪವೆಂದರೆ ಮೇಲೆ ಏರಿಸಿಟ್ಟದ್ದು. ಅದಕ್ಕೇ ನಾವು ಆರೋಪವನ್ನು ‘ಹೊರಿಸು’ತ್ತೇವೆ. ಹಳ್ಳಿಯವರು ಗೂಬೆ ಕೂರಿಸಿದರು ಎನ್ನುತ್ತಾರೆ. ಅಲ್ಲಿಯೂ ಬೇರೆಯವರ ತಲೆಯ ಮೇಲೆ ಏನನ್ನೋ ಇಡುವ ಚಿತ್ರವೇ ಇದೆ.

ಈ ಸಾಲಿನಲ್ಲಿ ಅತ್ಯಂತ ಸೂಕ್ಷ್ಮವಾದ ಪದ ‘ಅಲೆಜ್’. ಇದರ ವ್ಯಾಕರಣವನ್ನು ಗಮನಿಸಿ. ವ್ಯಕ್ತಿಯನ್ನು ಅಕ್ಯೂಸ್ ಮಾಡಬಹುದು, ಚಾರ್ಜ್ ಮಾಡಬಹುದು, ಬ್ಲೇಮ್ ಮಾಡಬಹುದು; ವ್ಯಕ್ತಿಯನ್ನು ಅಲೆಜ್ ಮಾಡಲಾಗದು. ಆ ಕ್ರಿಯೆಗೆ ಕರ್ಮವಾಗುವುದು ಕೃತ್ಯವೇ ಹೊರತು ಮನುಷ್ಯನಲ್ಲ. ಹೀಗೆ ನಡೆಯಿತೆಂದು ಒಬ್ಬರು ಹೇಳುತ್ತಾರೆ, ಇನ್ನೂ ಸಿದ್ಧವಾಗಿಲ್ಲ ಎಂಬಷ್ಟೇ ಅದರ ತಾತ್ಪರ್ಯ. ನಮ್ಮ ವೃತ್ತಪತ್ರಿಕೆಗಳು ‘ಎನ್ನಲಾಗಿದೆ’, ‘ಆಪಾದಿಸಲಾಗಿದೆ’ ಎಂದು ಬರೆಯುವುದು ಇದಕ್ಕಾಗಿಯೇ.

ಈ ಒಂದು ಪದದ ಅರಿವಿಲ್ಲದೆ ಏನಾಗಬಹುದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನಗೆ ಪರಿಚಿತವಾದ ಮನೆತನವೊಂದರ ಮಗ ಒಂದು ಸಂಸ್ಥೆಯ ಉಗ್ರಾಣದಲ್ಲಿ ಗುಮಾಸ್ತನಾಗಿದ್ದ. ಸರಕಿನಲ್ಲಿ ಕೊರತೆ ಬಂದಿತೆಂದು ಅವನಿಗೆ ಇಂಗ್ಲಿಷಿನಲ್ಲಿ ಒಂದು ನೋಟೀಸು ಬಂತು. ಓದಿ ಹೇಳಿದ ನೆರೆಯವರು ‘ನಿಮ್ಮ ಮಗ ಸರಕು ಕದ್ದಿದ್ದಾನೆಂದು ಬರೆದಿದ್ದಾರೆ’ ಎಂದುಬಿಟ್ಟರು. ಮಾನಕ್ಕೆ ಅಂಜುವ ತಂದೆ. ಎರಡು ದಿನ ಮಗನಿಗೆ ಮನೆಯ ಬಾಗಿಲು ತೆರೆಯಲಿಲ್ಲ. ತಾಯಿ ಒಲೆ ಹಚ್ಚಲಿಲ್ಲ. ಮೂರನೆಯ ದಿನ ಆ ಕಾಗದ ನನ್ನ ಕೈಗೆ ಬಂತು. ಅದರಲ್ಲಿ ಕಳವಿನ ನಿರ್ಣಯ ಎಲ್ಲಿಯೂ ಇರಲಿಲ್ಲ. ಕೊರತೆಗೆ ಅವನು ಕಾರಣನೆಂದು ‘ಅಲೆಜ್’ ಮಾಡಲಾಗಿದೆ, ಹದಿನೈದು ದಿನಗಳೊಳಗೆ ‘ಕಾಸ್’ ತೋರಿಸತಕ್ಕದ್ದು ಎಂದು ಮಾತ್ರ ಇತ್ತು. ಷೋಕಾಸ್ ನೋಟೀಸು ಎಂಬುದರಲ್ಲಿರುವ ಕಾಸ್, ಮೇಲೆ ಹೇಳಿದ ಕೌಸವೇ. ಕಾರಣ ಹೇಳೆಂಬ ಕರೆಯೇ ಹೊರತು ಶಿಕ್ಷೆಯಲ್ಲ. ಹುಡುಗ ದಾಸ್ತಾನು ವಹಿಯ ನಕಲಿನೊಡನೆ ಉತ್ತರ ಬರೆದ. ಒಂದೇ ಸರಕನ್ನು ಎರಡು ಸಲ ಜಮಾ ಬರೆದುದರಿಂದ ಕೊರತೆ ತೋರಿತ್ತೆಂದು ಗೊತ್ತಾಗಿ ಸಂಸ್ಥೆ ತನ್ನ ನೋಟೀಸನ್ನು ಹಿಂತೆಗೆದುಕೊಂಡಿತು. ಆದರೆ ಆ ಎರಡು ದಿನಗಳಲ್ಲಿ ತಂದೆ ಮಗನಿಗೆ ಆಡಿದ ಮಾತನ್ನು ಯಾವ ಸಂಸ್ಥೆ ಹಿಂತೆಗೆದುಕೊಂಡೀತು?

ಪದಗಳ ಈ ಮೆಟ್ಟಿಲನ್ನು ಇನ್ನೂ ಮೇಲಕ್ಕೆ ಹತ್ತಿದರೆ ‘ಇಂಡೈಟ್’, ‘ಇಂಪೀಚ್’ ಎಂಬ ಎರಡು ಭಾರವಾದ ಪದಗಳು ಸಿಗುತ್ತವೆ. ಮೊದಲನೆಯದನ್ನು ಬರೆಯುವಾಗ ‘ಸಿ’ ಅಕ್ಷರವಿದೆ, ಉಚ್ಚಾರದಲ್ಲಿ ಅದಿಲ್ಲ. ವಿದ್ಯಾರ್ಥಿಗಳು ‘ಇಂಡಿಕ್ಟ್’ ಎನ್ನಬಾರದು. ದೋಷಾರೋಪವನ್ನು ವಿಧಿವತ್ತಾಗಿ ಬರಹದಲ್ಲಿ ಮಂಡಿಸುವುದು ಅದರ ಅರ್ಥ. ‘ಇಂಪೀಚ್’ ಎಂಬುದರ ಮೂಲದಲ್ಲಿ ಕಾಲಿಗೆ ತೊಡಿಸುವ ಸಂಕೋಲೆ ಇದೆ. ‘ಪೆಡಿಕ’ ಎಂದರೆ ಕಾಲ್ಬೇಡಿ. ನಮ್ಮ ‘ಪಾದ’ವೂ ಅದರ ಒಳಗಿರುವ ಲ್ಯಾಟಿನ್ ಪದವೂ ಒಂದೇ ಬಳ್ಳಿಯವು. ಬೇಡಿ ತೊಡಿಸಿದ ಮಾತ್ರಕ್ಕೆ ಶಿಕ್ಷೆಯಾಗಲಿಲ್ಲ. ನಡಿಗೆ ನಿಂತಿತು, ವಿಚಾರಣೆ ಮುಂದಿದೆ.

ಇಂಪೀಚ್ ಎಂದರೆ ಪದಚ್ಯುತಿ ಎಂಬ ಭ್ರಮೆ ವ್ಯಾಪಕವಾಗಿದೆ. ಇತಿಹಾಸ ಅದನ್ನು ಅಲ್ಲಗಳೆಯುತ್ತದೆ. ಬಂಗಾಳದ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸನನ್ನು ಬ್ರಿಟನ್ನಿನ ಕಾಮನ್ಸ್ ಸಭೆಯು 1787ರಲ್ಲಿ ಇಂಪೀಚ್ ಮಾಡಿತು. ಎಡ್ಮಂಡ್ ಬರ್ಕ್ ಮುಂದೆ ನಿಂತು ವಾದಿಸಿದ ಆ ವಿಚಾರಣೆ 1788ರಲ್ಲಿ ಲಾರ್ಡ್ಸ್ ಸಭೆಯ ಮುಂದೆ ಆರಂಭವಾಗಿ, ಏಳು ವರ್ಷ ಎಳೆದು, 1795ರಲ್ಲಿ ಹೇಸ್ಟಿಂಗ್ಸನ ಬಿಡುಗಡೆಯೊಡನೆ ಮುಗಿಯಿತು. ಅಮೆರಿಕದ ಅಧ್ಯಕ್ಷರಲ್ಲಿ ಆಂಡ್ರ್ಯೂ ಜಾನ್ಸನ್ 1868ರಲ್ಲಿ, ಬಿಲ್ ಕ್ಲಿಂಟನ್ 1998ರಲ್ಲಿ, ಡೊನಾಲ್ಡ್ ಟ್ರಂಪ್ 2019 ಮತ್ತು 2021ರಲ್ಲಿ ಇಂಪೀಚ್‌ಗೆ ಗುರಿಯಾದರು. ಆ ನಾಲ್ಕೂ ಸಲ ಸೆನೆಟ್ ಸಭೆಯಲ್ಲಿ ದೋಷ ಸ್ಥಾಪಿತವಾಗಲಿಲ್ಲ. ನಮ್ಮ ಸಂವಿಧಾನದ 61ನೆಯ ಅನುಚ್ಛೇದವೂ ರಾಷ್ಟ್ರಪತಿಯ ವಿಷಯದಲ್ಲಿ ಇದೇ ವಿವೇಕವನ್ನು ತೋರಿದೆ. ಸಂಸತ್ತಿನ ಒಂದು ಸದನ ದೋಷಾರೋಪ ಹೊರಿಸಿದರೆ, ತನಿಖೆ ನಡೆಯಬೇಕಾದುದು ಇನ್ನೊಂದು ಸದನದಲ್ಲಿ. ಹೊರಿಸಿದವರೇ ತೀರ್ಪು ಕೊಡಬಾರದು ಎಂಬುದು ಇದರ ಹುರುಳು.

ಕನ್ನಡದ ಒಂದು ಪದವನ್ನೂ ಇಲ್ಲಿಯೇ ನೋಡಿಬಿಡೋಣ. ಸಂಸ್ಕೃತದ ರೀತಿಯಂತೆ ‘ಆರೋಪಿ’ ಎಂದರೆ ಆರೋಪ ಮಾಡುವವನು, ‘ಆರೋಪಿತ’ನೆಂದರೆ ಅದಕ್ಕೆ ಗುರಿಯಾದವನು. ರೂಢಿಯಲ್ಲಿ ಗುರಿಯಾದವನೇ ಆರೋಪಿಯಾಗಿದ್ದಾನೆ. ರೂಢಿ ಬಲವಾದುದು, ಅದನ್ನು ಹಿಂದಕ್ಕೆ ತಿರುಗಿಸುವ ಹಟ ಬೇಡ. ಆದರೆ ‘ಆರೋಪಿ’ ಮತ್ತು ‘ಅಪರಾಧಿ’ ಎಂಬ ಎರಡರ ನಡುವಿನ ಗೋಡೆ ಬೀಳಬಾರದು. ಆ ಗೋಡೆಯ ಹೆಸರು ಸಾಕ್ಷ್ಯ. ಇಂಗ್ಲಿಷಿನ ಕಾನೂನು ಸಾಕ್ಷ್ಯವನ್ನೂ ಹೊರೆಯೆಂದೇ ಕರೆಯುತ್ತದೆ. ಅದನ್ನೇ ನಾವು ರುಜುವಾತಿನ ಭಾರ ಎನ್ನುತ್ತೇವೆ. 1872ರ ಸಾಕ್ಷ್ಯ ಅಧಿನಿಯಮದಲ್ಲಿಯೂ ಅದರ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಸಾಮಾನ್ಯ ನಿಯಮ ಒಂದೇ: ಯಾರು ಒಂದು ಸಂಗತಿ ಇದೆಯೆಂದು ಸಾಧಿಸುವರೋ ಅದನ್ನು ರುಜುವಾತುಪಡಿಸುವ ಭಾರ ಅವರದೇ. ಬೇರೆಯವರ ತಲೆಯ ಮೇಲೆ ಹೊರೆ ಇಡುವವನು ಮೊದಲು ತಾನೊಂದು ಹೊರೆಯನ್ನು ಹೊತ್ತುಕೊಳ್ಳಬೇಕು.

ಇನ್ನು ಮನಸ್ಸನ್ನು ತಿರುಗಿಸುವ ಪದಗಳಿಗೆ ಬರೋಣ. ಎರಡು ಬಗೆಗಳ ನಡುವೆ ಸೇತುವೆಯಾಗಿ ನಿಂತ ಒಂದು ಪದವಿದೆ. ಅದು ‘ಕನ್‌ವಿನ್ಸ್’. ಅದರ ಧಾತು ಲ್ಯಾಟಿನ್ನಿನ ‘ವಿಂಕೆರೆ’, ಎಂದರೆ ಗೆಲ್ಲು. ಅಪರಾಧ ಸ್ಥಾಪಿತವಾಯಿತೆಂದು ಹೇಳುವ ‘ಕನ್‌ವಿಕ್ಟ್’ ಕೂಡ ಅದೇ ಧಾತುವಿನಿಂದ ಹುಟ್ಟಿದ್ದು. 1611ರ ಇಂಗ್ಲಿಷ್ ಬೈಬಲ್ಲಿನ ಕಾಲಕ್ಕೆ ಕನ್‌ವಿನ್ಸ್ ಎಂಬುದಕ್ಕೆ ತಪ್ಪಿತಸ್ಥನೆಂದು ಸಾಧಿಸು ಎಂಬ ಅರ್ಥವೂ ಇತ್ತು. ಮುಂದೆ ಎರಡೂ ಅಗಲಿದವು. ನ್ಯಾಯಾಲಯದಲ್ಲಿ ಒಬ್ಬನ ದೋಷವನ್ನು ಸ್ಥಾಪಿಸುವುದು ಕನ್‌ವಿಕ್ಟ್. ವಾದದಲ್ಲಿ ಒಬ್ಬನ ಸಂಶಯವನ್ನು ಸೋಲಿಸುವುದು ಕನ್‌ವಿನ್ಸ್. ಎರಡರಲ್ಲಿಯೂ ಒಬ್ಬರು ಗೆಲ್ಲುತ್ತಾರೆ, ಏನೋ ಒಂದು ಸೋಲುತ್ತದೆ.

‘ಪರ್ಸ್ವೇಡ್’ ಎಂಬುದರ ಹುಟ್ಟು ಇದಕ್ಕಿಂತ ತೀರ ಭಿನ್ನವಾದುದು. ಅದರ ಧಾತು ‘ಸ್ವಾದೆರೆ’. ಸಂಸ್ಕೃತವನ್ನು ಬಲ್ಲವರ ಕಿವಿಗೆ ಇದು ಕೂಡಲೇ ಪರಿಚಿತವಾಗಿ ಕೇಳಿಸೀತು. ಹೌದು, ನಮ್ಮ ‘ಸ್ವಾದು’ ಅದರ ಬಂಧು, ಸಿಹಿಯೆಂಬುದೇ ಮೂಲಾರ್ಥ. ಒಂದು ಸಂಗತಿಯನ್ನು ಕೇಳುವವನಿಗೆ ರುಚಿಸುವಂತೆ ಮಾಡುವುದು ಪರ್ಸ್ವೇಡ್. ಅದರಿಂದ ವಿಮುಖನನ್ನಾಗಿಸುವುದು ‘ಡಿಸ್ವೇಡ್’. ಇಲ್ಲಿ ಗೆಲುವು ಸೋಲುಗಳ ಸುಳಿವಿಲ್ಲ.

ಬಳಕೆಯಲ್ಲಿಯೂ ಈ ಭೇದವನ್ನು ಹಿಂದಿನ ಇಂಗ್ಲಿಷ್ ಉಪಾಧ್ಯಾಯರು ಕಟ್ಟುನಿಟ್ಟಾಗಿ ಕಾಯುತ್ತಿದ್ದರು. ಕನ್‌ವಿನ್ಸ್ ಮಾಡುವುದು ನಂಬುವಂತೆ, ಪರ್ಸ್ವೇಡ್ ಮಾಡುವುದು ಮಾಡುವಂತೆ. ಇಪ್ಪತ್ತನೆಯ ಶತಮಾನದ ನಡುವಿನಿಂದ ಅಮೆರಿಕದವರ ಬಳಕೆಯಲ್ಲಿ ಈ ಗಡಿ ಸಡಿಲವಾಯಿತು; ಇಂದು ಅದನ್ನು ತಪ್ಪೆನ್ನುವವರು ಕಡಿಮೆ. ಆದರೂ ಭೇದವನ್ನು ತಿಳಿದಿರುವುದು ಲೇಸು, ಏಕೆಂದರೆ ಅದು ಬದುಕಿನ ಭೇದವೂ ಹೌದು. ತಂಬಾಕಿನಿಂದ ಕೇಡೆಂಬುದು ತಂಬಾಕು ಹಾಕುವವರಿಗೆ ಗೊತ್ತಿಲ್ಲವೆ? ಅವರು ಕನ್‌ವಿನ್ಸ್ ಆಗಿದ್ದಾರೆ. ಬಿಡಲು ಪರ್ಸ್ವೇಡ್ ಆಗಿಲ್ಲ. ನಮ್ಮ ಭಾಷೆ ಇದನ್ನು ಎಷ್ಟು ಅಂದವಾಗಿ ಹೇಳುತ್ತದೆ ನೋಡಿ. ಮನಸ್ಸು ಅರಿತರೆ ಮನವರಿಕೆ, ಮನಸ್ಸು ಒಲಿದರೆ ಮನವೊಲಿಕೆ. ಕನ್‌ವಿನ್ಸ್‌ನಲ್ಲಿರುವ ಗೆಲುವಿನ ಜಂಬ ನಮ್ಮ ಮನವರಿಕೆಯಲ್ಲಿ ಇಲ್ಲ. ಪರ್ಸ್ವೇಡ್‌ನಲ್ಲಿರುವ ಸಿಹಿ ನಮ್ಮ ಒಲಿಕೆಯಲ್ಲಿ ಪ್ರೀತಿಯೇ ಆಗಿ ನಿಂತಿದೆ.

ಆದರೆ ಸಿಹಿಯೆಲ್ಲ ಹಿತವಲ್ಲ. ಮನವೊಲಿಕೆಯ ಪಕ್ಕದಲ್ಲಿಯೇ ಕೆಳಕ್ಕಿಳಿಯುವ ಮೆಟ್ಟಿಲುಗಳಿವೆ. ‘ಕೋಕ್ಸ್’ ಎಂದರೆ ಪುಸಲಾಯಿಸು, ರಮಿಸು. ಮಗುವಿಗೆ ಔಷಧಿ ಕುಡಿಸುವ ತಾಯಿ ಮಾಡುವುದು ಇದನ್ನೇ. ಆದರೆ ಹದಿನಾರನೆಯ ಶತಮಾನದ ಇಂಗ್ಲಿಷಿನಲ್ಲಿ ಈ ಪದ ಪೆದ್ದನೆಂಬ ಅರ್ಥದ ನಾಮಪದವಾಗಿತ್ತು. ಎದುರಿಗಿರುವವನು ಅರಿಯದವನೆಂಬ ಭಾವನೆ ಅದರ ಬೇರಿನಲ್ಲಿದೆ. ‘ಇಂಡ್ಯೂಸ್’ ಎಂದರೆ ಒಂದು ಕಾರ್ಯಕ್ಕೆ ಕರೆದೊಯ್ಯುವುದು, ‘ಸೆಡ್ಯೂಸ್’ ಎಂದರೆ ದಾರಿ ತಪ್ಪಿಸಿ ಕರೆದೊಯ್ಯುವುದು. ಎರಡರಲ್ಲಿಯೂ ಕೈಹಿಡಿದು ನಡೆಸುವ ಧಾತು ಒಂದೇ, ಹೋಗುವ ದಾರಿ ಬೇರೆ. ‘ಇನ್ವೇಗಲ್’ ಎಂಬುದು ಇನ್ನೂ ಕೆಳಗಿನದು. ಕುರುಡಾಗಿಸು ಎಂಬ ಅರ್ಥದ ಫ್ರೆಂಚ್ ಪದದಿಂದ ಬಂದ ಅದಕ್ಕೆ, ಕಣ್ಣಿಗೆ ಮಣ್ಣೆರಚಿ ಕೆಲಸ ಸಾಧಿಸು ಎಂದರೆ ಕನ್ನಡದಲ್ಲಿ ಸರಿಹೋದೀತು.

ಒಪ್ಪಿಸುವುದಕ್ಕೂ ಒತ್ತಾಯಿಸುವುದಕ್ಕೂ ನಡುವಿನ ಗಡಿಯನ್ನು ಕಾನೂನು ಬಹಳ ಹಿಂದೆಯೇ ಗುರುತಿಸಿದೆ. 1872ರ ಭಾರತೀಯ ಕರಾರು ಅಧಿನಿಯಮವು ಸ್ವತಂತ್ರ ಸಮ್ಮತಿ ಎಂದರೇನೆಂಬುದನ್ನು ಹೇಳಿ, ಅದನ್ನು ಕೆಡಿಸುವವುಗಳಲ್ಲಿ ಬಲಾತ್ಕಾರ, ಮೋಸಗಳ ಜೊತೆಗೆ ಅನುಚಿತ ಪ್ರಭಾವವನ್ನೂ ಎಣಿಸಿದೆ. ಅನುಚಿತ ಪ್ರಭಾವವನ್ನು ವಿವರಿಸುವ 16ನೆಯ ಕಲಮಿನಲ್ಲಿ ಕೊಟ್ಟಿರುವ ಮೊದಲ ಉದಾಹರಣೆ ಯಾವುದು ಬಲ್ಲಿರಾ? ತಂದೆ ಮಗನದು. ಮಗ ಅಪ್ರಾಪ್ತನಾಗಿದ್ದಾಗ ಹಣ ಕೊಟ್ಟ ತಂದೆ, ಮಗ ಪ್ರಾಪ್ತವಯಸ್ಕನಾದೊಡನೆ ತನ್ನ ಪಿತೃಪ್ರಭಾವವನ್ನು ದುರುಪಯೋಗಪಡಿಸಿ, ಸಲ್ಲಬೇಕಾದುದಕ್ಕಿಂತ ಹೆಚ್ಚಿನ ಮೊತ್ತಕ್ಕೆ ಅವನಿಂದ ಪತ್ರ ಬರೆಸಿಕೊಳ್ಳುತ್ತಾನೆ. ಅಲ್ಲಿ ಹೊಡೆತವಿಲ್ಲ, ಸುಳ್ಳಿಲ್ಲ. ಎದುರಾಡಲಾಗದ ಸ್ಥಾನವೊಂದೇ ಸಾಕಾಯಿತು.

ದುರುದ್ದೇಶವಿಲ್ಲದ ಕಡೆಯಲ್ಲಿಯೂ ಇದು ನಡೆಯಬಹುದು. ಜೇನ್ ಆಸ್ಟೆನ್ ಎಂಬ ಇಂಗ್ಲಿಷ್ ಲೇಖಕಿಯ ಕೊನೆಯ ಪೂರ್ಣ ಕಾದಂಬರಿಯ ಹೆಸರು ‘ಪರ್ಸ್ವೇಷನ್’. ಅವಳು ತೀರಿಕೊಂಡ 1817ನೆಯ ವರ್ಷದ ಕೊನೆಗೆ ಅದು ಪ್ರಕಟವಾಯಿತು. ನಾಯಕಿ ಆನ್ ಎಲಿಯಟ್ ಹತ್ತೊಂಬತ್ತರ ಹರೆಯದಲ್ಲಿ, ತಾಯಿಯ ಸ್ಥಾನದಲ್ಲಿದ್ದ ಹಿರಿಯಳೊಬ್ಬಳ ಮಾತಿಗೆ ಒಪ್ಪಿ, ತಾನು ಮೆಚ್ಚಿದ ನೌಕಾಧಿಕಾರಿಯೊಡನೆ ನಿಶ್ಚಯವಾದ ಸಂಬಂಧವನ್ನು ಮುರಿದುಕೊಳ್ಳುತ್ತಾಳೆ. ವರನಿಗೆ ಆಸ್ತಿಯಿಲ್ಲ ಎಂಬುದು ಹಿರಿಯಳ ಚಿಂತೆ. ಅವಳ ಪ್ರೀತಿ ನಿಜ, ಮಾತು ಮೃದು. ಆದರೂ ಆನ್ ಎಂಟು ವರ್ಷ ಒಳಗೊಳಗೇ ನವೆಯುತ್ತಾಳೆ. ಮಕ್ಕಳ ವಿದ್ಯೆ, ಉದ್ಯೋಗ, ವಿವಾಹಗಳನ್ನು ನಿಶ್ಚಯಿಸುವ ನಮ್ಮ ಹಿರಿಯರು ಯೋಚಿಸಬೇಕಾದ ಕಥೆ ಇದು.

ವಿದ್ಯಾರ್ಥಿಗಳಿಗಾಗಿ ಎರಡು ಮಾತು. ಈ ಕ್ರಿಯಾಪದಗಳು ಒಂದೊಂದೂ ತನಗೆ ಒಪ್ಪಿದ ಉಪಸರ್ಗದೊಡನೆಯೇ ನಡೆಯುತ್ತವೆ. ಅಕ್ಯೂಸ್‌ಗೆ ‘ಆಫ್’, ಚಾರ್ಜ್‌ಗೆ ‘ವಿತ್’, ಬ್ಲೇಮ್‌ಗೆ ‘ಫಾರ್’, ಕನ್‌ವಿನ್ಸ್‌ಗೆ ‘ಆಫ್’, ಪರ್ಸ್ವೇಡ್‌ನ ಮುಂದೆ ‘ಟು’ ಸೇರಿದ ಕ್ರಿಯಾಪದ, ಡಿಸ್ವೇಡ್‌ಗೆ ‘ಫ್ರಮ್’. ನಮ್ಮವರು ಬಹುವಾಗಿ ತಪ್ಪುವುದು ಅಕ್ಯೂಸ್‌ನ ಜೊತೆಗೆ ‘ಫಾರ್’ ಬರೆದು. ಕನ್ನಡದ ‘ಕಾಗಿ’ ಎಂಬುದನ್ನು ಮನಸ್ಸಿನಲ್ಲಿಟ್ಟು ಬರೆಯುವುದೇ ಅದಕ್ಕೆ ಕಾರಣ.

ಹಿರಿಯರಿಗಾಗಿ ಇನ್ನೆರಡು ಮಾತು. ರಾಜ್ಯಾಂಗದಲ್ಲಿ ಹೊರಿಸುವವರು ಬೇರೆ, ವಿಚಾರಿಸುವವರು ಬೇರೆ. ಮನೆಯಲ್ಲಿ ಹಾಗಲ್ಲ, ದೂರುವವರು, ವಿಚಾರಿಸುವವರು, ಶಿಕ್ಷಿಸುವವರು ಎಲ್ಲ ಒಬ್ಬರೇ. ಆದುದರಿಂದ ಅಲ್ಲಿ ಪದದ ಆಯ್ಕೆಯೊಂದೇ ನ್ಯಾಯದ ಕಾವಲು. ಅಂಕಪಟ್ಟಿಯನ್ನು ಹಿಡಿದು ‘ನೀನು ಓದುವುದೇ ಇಲ್ಲ’ ಎಂದರೆ ಅದು ಅಕ್ಯೂಸ್ ಕೂಡ ಅಲ್ಲ, ಕನ್‌ವಿಕ್ಟ್. ಉತ್ತರಕ್ಕೆ ಅಲ್ಲಿ ಎಡೆಯಿಲ್ಲ. ‘ಈ ಸಲ ಕಡಿಮೆಯಾದುದಕ್ಕೆ ಕಾರಣವೇನು?’ ಎಂದರೆ ಅದು ಕಾರಣ ಕೇಳಿದ ಮಾತು. ಮೊದಲನೆಯದನ್ನು ಕೇಳಿದ ಮಗು ತನ್ನನ್ನು ಕಾಪಾಡಿಕೊಳ್ಳಲು ಹೊರಡುತ್ತದೆ. ಎರಡನೆಯದನ್ನು ಕೇಳಿದ ಮಗು ಯೋಚಿಸಲು ಹೊರಡುತ್ತದೆ. ಗೆಲ್ಲಲು ಕುಳಿತವರು ಒಲಿಸಲಾರರು. ಹಾಗೆಯೇ ಮೊಬೈಲಿನಲ್ಲಿ ಬಂದ ದೂರೊಂದನ್ನು ನಾಲ್ಕು ಜನಕ್ಕೆ ಕಳುಹಿಸುವ ಮುನ್ನ, ಇದು ಕಂಡದ್ದೋ ಕೇಳಿದ್ದೋ ಊಹಿಸಿದ್ದೋ ಎಂದು ನಮ್ಮನ್ನು ನಾವು ಕೇಳಿಕೊಳ್ಳಬೇಕು. ಒಬ್ಬರನ್ನು ಒಪ್ಪಿಸುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಒಂದೇ: ಇವರು ನನ್ನ ಎದುರಿಗೆ ‘ಒಲ್ಲೆ’ ಎನ್ನಬಲ್ಲರೆ? ಒಲ್ಲೆ ಎನ್ನಲು ಎಡೆಯಿದ್ದಾಗ ಬಂದ ‘ಹೂಂ’ ಮಾತ್ರ ಒಪ್ಪಿಗೆ.

ಅಕ್ಯೂಸ್‌ನಲ್ಲಿರುವ ಕೌಸವೇ ‘ಎಕ್ಸ್‌ಕ್ಯೂಸ್’ ಎಂಬ ಪದದಲ್ಲಿಯೂ ಇದೆ. ಹೊರಿಸಿದ್ದರಿಂದ ಬಿಡಿಸುವುದು ಎಂದು ಅದರ ಮೂಲಾರ್ಥ. ಮುಂದಿನ ಸಂಚಿಕೆಯಲ್ಲಿ ಕ್ಷಮೆಯನ್ನು ಬೇಡುವ ಹಾಗೂ ನೀಡುವ ಪದಗಳನ್ನು ಕುರಿತು ವಿಚಾರಿಸೋಣ.